ಬಿಗಿಸಿದ್ದೆಲ್ಲ ದುರಸ್ತಿಯಲ್ಲ

ದಾಂಡೇಲಿಯಿಂದ ಜೋಯಿಡಾ ಹಾಯ್ದು ಅಣಶಿ ಘಟ್ಟ ಇಳಿಯುವ ದಾರಿಯಲ್ಲಿ ಹಳೆಯ ಜಿಪ್ಸಿಗಳು ಇನ್ನೂ ದುಡಿಯುತ್ತಿವೆ. ಮಾರುತಿ ಕಂಪನಿ 1985ರಲ್ಲಿ ತಂದ ಈ ಗಾಡಿಯ ಮಾರಾಟ ಸಾಮಾನ್ಯ ಗ್ರಾಹಕರಿಗೆ 2019ರಲ್ಲಿ ನಿಂತುಹೋಯಿತು. ಆದರೂ ಏರು, ಕೆಸರು, ಹಳ್ಳ ಎನ್ನದೆ ನಡೆಯುವ ಅದರ ಮೇಲಿನ ನಂಬಿಕೆ ಕಾಡಂಚಿನ ಊರುಗಳಲ್ಲಿ ಕುಂದಿಲ್ಲ. ಅಷ್ಟು ಗಟ್ಟಿ ಗಾಡಿಯಲ್ಲೂ ಚಾಲಕನ ಎಡಗಾಲಿನ ಒತ್ತನ್ನು ಗೇರ್‌ಬಾಕ್ಸಿನವರೆಗೆ ಮುಟ್ಟಿಸುವುದು ಒಂದು ತೆಳ್ಳನೆಯ ಕ್ಲಚ್ ಕೇಬಲ್. ಅದು ಸವೆಯುವ ಬಗೆಯಲ್ಲಿ, ಅದರ ಸವೆತಕ್ಕೆ ನಾವು ಸ್ಪಂದಿಸುವ ಬಗೆಯಲ್ಲಿ ಬಾಳಿಗೆ ಬೇಕಾದ ವಿವೇಕವಿದೆ.

ಇಂಥ ಕೇಬಲ್ಲಿನ ರಚನೆಗೆ ಅರ್ನೆಸ್ಟ್ ಬೌಡನ್ ಎಂಬಾತ 1896ರಲ್ಲಿ ಪೇಟೆಂಟ್ ಪಡೆದ. ಒಳಗಿನ ತಂತಿ ಎಳೆಯುತ್ತದೆ, ಹೊರಗಿನ ಸುರುಳಿ ಕವಚ ಕುಗ್ಗದೆ ತಡೆದು ನಿಲ್ಲುತ್ತದೆ. ಒಳತಂತಿ ಒಂಟಿ ಸರಳಲ್ಲ, ಹಲವು ಉಕ್ಕಿನ ಎಳೆಗಳನ್ನು ಹೊಸೆದದ್ದು. ಹೀಗೆ ಹೊಸೆಯುವ ಜಾಣ್ಮೆ ಇನ್ನೂ ಹಳೆಯದು. ಜರ್ಮನಿಯ ಹಾರ್ಟ್ಸ್ ಬೆಟ್ಟದ ಗಣಿಗಳಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ 1834ರಲ್ಲಿ ಸರಪಳಿಯ ಬದಲು ತಂತಿಯ ಹಗ್ಗವನ್ನು ಬಳಕೆಗೆ ತಂದ. ಸರಪಳಿಯ ಒಂದು ಕೊಂಡಿ ಮುರಿದರೆ ಇಡೀ ಭಾರ ಅದೇ ಗಳಿಗೆಯಲ್ಲಿ ಕೆಳಗೆ. ಹೊಸೆದ ತಂತಿಯಲ್ಲಿ ಒಂದೆಳೆ ಹರಿದರೆ ಉಳಿದ ಎಳೆಗಳು ಅದರ ಪಾಲನ್ನೂ ಹೊರುತ್ತವೆ. ಎಚ್ಚೆತ್ತುಕೊಳ್ಳಲು ನಮಗೆ ಸಮಯ ಸಿಗುತ್ತದೆ.

ಆದರೆ ಆ ಸಮಯ ಮುಗಿಯದ ಗಂಟಲ್ಲ. ಜೋಯಿಡಾದ ಮಳೆಗಾಲದಲ್ಲಿ ಕವಚದೊಳಗೆ ಇಳಿದ ನೀರು ತುಕ್ಕು ಹಿಡಿಸುತ್ತದೆ. ಹಳಿಯಾಳ, ಮುಂಡಗೋಡಗಳ ಬೇಸಿಗೆಯ ದೂಳು ಒಳಹೊಕ್ಕು ತಂತಿಯನ್ನು ಉಜ್ಜುತ್ತದೆ. ಬಾಗುವ ತುದಿಯಲ್ಲಿ ಮೊದಲು ಒಂದೆಳೆ ಹೋಗುತ್ತದೆ. ಅದರ ಹೊರೆ ಉಳಿದವುಗಳಿಗೆ ಹಂಚಿಹೋಗುವುದರಿಂದ ಮುಂದಿನ ಎಳೆ ಬೇಗ ಹೋಗುತ್ತದೆ, ಅದರ ಮುಂದಿನದು ಇನ್ನೂ ಬೇಗ. ಕೊನೆಯಲ್ಲಿ ಉಳಿದ ಕೆಲವೇ ಎಳೆಗಳು ಒಂದೇ ಒತ್ತಿಗೆ ತುಂಡಾಗುತ್ತವೆ.

ಈ ನಡುವಿನ ಅವಧಿಯಲ್ಲಿ ಪೆಡಲ್ ಸಡಿಲವಾಗುತ್ತಾ ಬರುತ್ತದೆ. ಕೇಬಲ್ಲಿನ ತುದಿಯಲ್ಲಿ ಅದನ್ನು ಸರಿಹೊಂದಿಸುವ ನಟ್ಟು ಇದೆ. ನಾಲ್ಕು ಸುತ್ತು ಬಿಗಿಸಿದರೆ ಗಾಡಿ ಮೊದಲಿನಂತೆ ಓಡುತ್ತದೆ. ಪರೀಕ್ಷೆ ಇರುವುದು ಇಲ್ಲೇ. ಕ್ಲಚ್ ಪ್ಲೇಟ್ ಸವೆದರೆ ಪೆಡಲಿನ ಸಡಿಲ ಸಾಮಾನ್ಯವಾಗಿ ಕಡಿಮೆಯಾಗಬೇಕು. ಬಿಗಿಸಿದ ಮೇಲೂ ಸಡಿಲ ಮತ್ತೆ ಮತ್ತೆ ಹೆಚ್ಚುತ್ತಿದ್ದರೆ ಕೇಬಲ್ಲನ್ನೇ ಅನುಮಾನಿಸಬೇಕು. ಬಲ್ಲ ಮೆಕ್ಯಾನಿಕ್ ಆಗ ನಟ್ಟಿಗೆ ಕೈ ಹಾಕುವ ಮೊದಲು ತಂತಿಯನ್ನು ನೋಡುತ್ತಾನೆ. ನೋಡದೆ ಬಿಗಿಸುವವನು ದುರಸ್ತಿ ಮಾಡುತ್ತಿಲ್ಲ, ಎಚ್ಚರಿಕೆಯ ಬಾಯಿ ಮುಚ್ಚಿಸುತ್ತಿದ್ದಾನೆ.

ಅದರ ಬೆಲೆ ತೆರುವವರು ಯಾರು? ಹೊಸ ಕೇಬಲ್ಲಿಗೆ ಬೀಳುವುದು ಕೆಲವು ನೂರು ರೂಪಾಯಿ. ಮೊಬೈಲ್ ಸಿಗ್ನಲ್ ಇಲ್ಲದ ಕಾಡುದಾರಿಯಲ್ಲಿ ಅದು ತುಂಡಾದರೆ ಕಷ್ಟ ಅನುಭವಿಸುವವರು ಹಿಂದಿನ ಸೀಟಿನಲ್ಲಿ ಹೆರಿಗೆ ನೋವಿನಿಂದ ನರಳುವ ಹೆಣ್ಣುಮಗಳು, ಜ್ವರದ ಮಗು, ಪರೀಕ್ಷೆಗೆ ಹೊರಟ ಹುಡುಗ. ಮುಂದೂಡಿದವನೊಬ್ಬ, ಶಿಕ್ಷೆ ಅನುಭವಿಸಿದವರು ಬೇರೆಯವರು. ಈ ಕಾರಣಕ್ಕೇ ಮುಂದೂಡುವುದನ್ನು ಬರೀ ಸೋಮಾರಿತನ ಎನ್ನಲಾಗದು, ಅದು ಅನ್ಯಾಯ.

ನಮ್ಮ ಮನೆ, ಕಚೇರಿ, ಊರುಗಳಲ್ಲಿಯೂ ಹೀಗೆ ಬಿಗಿಸುತ್ತಲೇ ಇರುತ್ತೇವೆ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆ ಸುಸ್ತಾಗಿದೆ ಎಂದರೆ “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ” ಎನ್ನುತ್ತೇವೆ. ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬ ಶಿಕ್ಷಕಿ, ಒಬ್ಬ ಲೈನ್‌ಮನ್, ಒಬ್ಬ ಆಶಾ ಕಾರ್ಯಕರ್ತೆ ನಿಭಾಯಿಸಿದರೆ ಹೊಗಳಿ, ಮೂರನೆಯವರದ್ದನ್ನೂ ಅವರ ತಲೆಗೇ ಕಟ್ಟುತ್ತೇವೆ. ಹೊಂದಿಕೊಳ್ಳುವುದು ದೊಡ್ಡ ಗುಣ ನಿಜ. ಆದರೆ ಸಡಿಲ ಎಲ್ಲಿಂದ ಬಂತೆಂದು ಕೇಳದೆ ಇನ್ನೊಬ್ಬರ ಮೇಲೆ ಹೇರಿದ ಹೊಂದಾಣಿಕೆ ಗುಣವಲ್ಲ. ಅದು ಅವರಲ್ಲಿ ಉಳಿದ ಕೊನೆಯ ಕೆಲವು ಎಳೆಗಳ ಮೇಲೆ ನಾವು ಹಾಕುವ ಭಾರ.

ಕೇಬಲ್ ಬದಲಿಸುವುದಕ್ಕೂ ಒಂದು ನೀತಿಯಿದೆ. ಹಳೆಯದನ್ನು ಬಿಚ್ಚಿ ಹೊಸದರ ಪಕ್ಕದಲ್ಲಿಟ್ಟು ಉದ್ದ ಹೋಲಿಸಬೇಕು. ಎಲ್ಲಿ ಸವೆದಿತ್ತು, ಯಾಕೆ ಸವೆದಿತ್ತು ಎಂದು ಹುಡುಕಬೇಕು. ಸೈಲೆನ್ಸರಿನ ಬಿಸಿ ಪೈಪಿಗೆ ತಾಗಿ ಸುಟ್ಟಿದ್ದರೆ, ಚೂಪಾದ ಅಂಚಿಗೆ ಉಜ್ಜಿ ಹರಿದಿದ್ದರೆ, ಮೊದಲು ಆ ದಾರಿಯನ್ನು ಸರಿಪಡಿಸಬೇಕು. ಹಾಗೆ ಮಾಡದೆ ಕೂಡಿಸಿದ ಹೊಸ ಕೇಬಲ್ಲೂ ಅದೇ ಜಾಗದಲ್ಲಿ ಹರಿಯುತ್ತದೆ. ದಣಿದವರನ್ನು ಕಳಿಸಿ, ಹೊರೆಯನ್ನು ಹಾಗೇ ಉಳಿಸಿಕೊಂಡು ಹೊಸಬರನ್ನು ತಂದು ನಿಲ್ಲಿಸುವ ಸಂಸ್ಥೆಗಳು ಈ ಮಾತನ್ನು ಕೇಳಿಸಿಕೊಳ್ಳಬೇಕು.

ಅಷ್ಟಾದರೂ ಕೇಬಲ್ ಅಂಗಡಿಯಲ್ಲಿ ಸಿಗುತ್ತದೆ, ಮನುಷ್ಯರು ಸಿಗುವುದಿಲ್ಲ. ಆದ್ದರಿಂದ ಮನುಷ್ಯರ ವಿಷಯದಲ್ಲಿ ಮೊದಲ ಎಳೆ ಹರಿದಾಗಲೇ ಎಚ್ಚರವಾಗುವುದು ನಮ್ಮ ಕರ್ತವ್ಯ. ಮಳೆಗಾಲಕ್ಕೆ ಮುಂಚೆ ನಿಮ್ಮ ಗಾಡಿಯ ಕೇಬಲ್ ನೋಡಿಸಿಕೊಳ್ಳಿ. ನಿಮ್ಮ ಮನೆಯಲ್ಲಿ, ನಿಮ್ಮ ಕೈಕೆಳಗೆ ದುಡಿಯುವವರಲ್ಲಿ ಯಾರಾದರೂ ಇನ್ನು ಆಗದು ಎಂದರೆ, ಸಮಾಧಾನ ಹೇಳುವ ಮೊದಲು ಅವರ ಕೆಲಸದಲ್ಲಿ ಒಂದು ಪಾಲನ್ನು ಅಂದೇ ನೀವು ವಹಿಸಿಕೊಳ್ಳಿ.