ಆಣೆ ಮುರಿದ ದಾವೀದ



ನಮ್ಮ ಕಿರು ಕ್ರೈಸ್ತ ಸಮುದಾಯದ ಬೈಬಲ್ ಅಧ್ಯಯನ ಕೂಟದಲ್ಲಿ ಒಂದು ಸಂಜೆ ಸಮುವೇಲನ ಮೊದಲನೆಯ ಗ್ರಂಥದ 25ನೆಯ ಅಧ್ಯಾಯವನ್ನು ಓದಿದೆವು. ಓದಿ ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು: "ಸ್ವಾಮಿ, ದಾವೀದ ದೇವರ ಹೆಸರೆತ್ತಿ ಆಣೆ ಮಾಡಿದ. ಸಂಜೆಯೊಳಗೆ ಆ ಮಾತಿಗೆ ತಪ್ಪಿದ. ಅದು ಪಾಪ ಅಲ್ಲವೇ?" ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ, ಯಾವುದೋ ಮನೆಯಿಂದ ಬಂದದ್ದು ಎಂದು ನನಗನ್ನಿಸಿತು. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಬಹುದು. ಆದರೆ ಕೋಪ ಬಂದಾಗ ನಮ್ಮೊಳಗೆ ಏನಾಗುತ್ತದೆ, ಆ ಹೊತ್ತಿನಲ್ಲಿ ಬುದ್ಧಿ ಹೇಳುವವರು ಹೇಗಿರಬೇಕು ಎಂಬುದನ್ನು ನೋಡದೆ ಕೊಟ್ಟ ಉತ್ತರ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಆ ಅಧ್ಯಾಯ ಶುರುವಾಗುವುದು ಒಂದು ಸಾವಿನಿಂದ. ಪ್ರವಾದಿ ಸಮುವೇಲ ತೀರಿಕೊಂಡ, ಇಸ್ರಯೇಲರೆಲ್ಲ ಸೇರಿ ಅತ್ತರು, ರಾಮದಲ್ಲಿದ್ದ ಅವನ ಮನೆಯಲ್ಲಿ ಅವನನ್ನು ಸಮಾಧಿ ಮಾಡಿದರು ಎಂದು ಒಂದೇ ವಾಕ್ಯದಲ್ಲಿ ಹೇಳಿ ಗ್ರಂಥಕರ್ತ ಮುಂದೆ ಹೋಗಿಬಿಡುತ್ತಾನೆ. ನಾವೂ ಅಷ್ಟೇ ಬೇಗ ದಾಟಿಹೋಗುತ್ತೇವೆ. ಆದರೆ ದಾವೀದನಿಗೆ ಸಮುವೇಲ ಯಾರು? ಕುರಿ ಕಾಯುತ್ತಿದ್ದ ಹುಡುಗನನ್ನು ಹುಡುಕಿ ಬಂದು ತಲೆಯ ಮೇಲೆ ಎಣ್ಣೆ ಸುರಿದವನು. ಸೌಲ ಕೊಲ್ಲಲು ಅಟ್ಟಿಸಿಕೊಂಡು ಬಂದಾಗ ದಾವೀದ ಮೊದಲು ಓಡಿದ್ದು ಅವನ ಬಳಿಗೇ. ಮನೆಯಲ್ಲಿ ತಂದೆಯೋ ಅಜ್ಜಿಯೋ ತೀರಿಕೊಂಡ ಮೇಲೆ, ಅಲ್ಲಿಯವರೆಗೆ ಅದುಮಿಟ್ಟಿದ್ದ ಜಗಳಗಳೆಲ್ಲ ಒಮ್ಮೆಗೇ ಮೇಲೇಳುವುದನ್ನು ನೀವೂ ಕಂಡಿರುತ್ತೀರಿ. "ಸುಮ್ಮನಿರು" ಎಂದು ಹೇಳುವ ಅಧಿಕಾರವಿದ್ದ ಒಂದು ದನಿ ಹೋಯಿತು. ದಾವೀದ ಈಗ ಅಂಥ ಸ್ಥಿತಿಯಲ್ಲಿದ್ದಾನೆ.

ಇನ್ನೊಂದು ಸಂಗತಿ. ಇದರ ಹಿಂದಿನ 24ನೆಯ ಅಧ್ಯಾಯದಲ್ಲಿ ಏಂಗೆದಿಯ ಗುಹೆಯಲ್ಲಿ ಸೌಲ ದಾವೀದನ ಕೈಗೆ ಸಿಕ್ಕಿಬಿದ್ದಿದ್ದ. ದಾವೀದ ಅವನ ನಿಲುವಂಗಿಯ ಅಂಚನ್ನಷ್ಟೇ ಕತ್ತರಿಸಿ ಬಿಟ್ಟುಬಿಟ್ಟ. 26ನೆಯ ಅಧ್ಯಾಯದಲ್ಲಿ ಮತ್ತೊಮ್ಮೆ ಹಾಗೆಯೇ ಬಿಡುತ್ತಾನೆ. ಪ್ರಾಣ ತೆಗೆಯಲು ಬಂದ ಅರಸನನ್ನು ಎರಡು ಸಲ ಕ್ಷಮಿಸಿದವನು ನಡುವೆ ಊಟ ಕೊಡದ ಒಬ್ಬ ಜಮೀನುದಾರನ ಮೇಲೆ ಕತ್ತಿ ಹಿರಿಯುತ್ತಾನೆ. ಹಗಲೆಲ್ಲ ಆಫೀಸಿನಲ್ಲಿ ಮೇಲಧಿಕಾರಿಯ ಬೈಗುಳ ನುಂಗಿಕೊಂಡು, ಸಂಜೆ ಮನೆಗೆ ಬಂದು ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ಎಸೆಯುವವರಿಗೆ ಇದು ಅರ್ಥವಾಗದ ಮಾತೇನಲ್ಲ.

ನಾಬಾಲ್ ದೊಡ್ಡ ಕುಳ. 3,000 ಕುರಿ, 1,000 ಮೇಕೆ. ಕರ್ಮೆಲಿನಲ್ಲಿ ಅವನ ಕುರಿಗಳ ಉಣ್ಣೆ ಕತ್ತರಿಸುವ ಕಾಲ. (ಇದು ಪ್ರವಾದಿ ಎಲೀಯನ ಕರ್ಮೆಲ್ ಬೆಟ್ಟವಲ್ಲ, ಹೆಬ್ರೋನಿನ ದಕ್ಷಿಣಕ್ಕಿದ್ದ ಬೇರೆ ಊರು.) ಉಣ್ಣೆ ಕತ್ತರಿಸುವ ದಿನವೆಂದರೆ ಅವರಿಗೆ ನಮ್ಮ ಸುಗ್ಗಿಯಿದ್ದ ಹಾಗೆ. ಬಂದವರಿಗೆ ಉಣಬಡಿಸುವ ಹಬ್ಬ. ದಾವೀದನ ಕಡೆಯವರು ಕಾಡಿನಲ್ಲಿ ನಾಬಾಲನ ಕುರುಬರಿಗೆ ಕಾವಲಾಗಿದ್ದರು. ಆದ್ದರಿಂದ ದಾವೀದ ಹತ್ತು ಮಂದಿ ಹುಡುಗರನ್ನು ಕಳುಹಿಸಿ, ಕೈಲಾದದ್ದನ್ನು ಕೊಡು ಎಂದು ವಿನಯದಿಂದಲೇ ಕೇಳಿಸಿದ. ನಾಬಾಲ್ ಕೊಡಲಿಲ್ಲ ಅಷ್ಟೇ ಅಲ್ಲ, ದಾವೀದ ಅಂದರೆ ಯಾರು, ಧಣಿಯನ್ನು ಬಿಟ್ಟು ಓಡಿಬಂದ ಆಳುಗಳು ಈಗ ಬೇಕಾದಷ್ಟಿದ್ದಾರೆ ಎಂದು ಹಂಗಿಸಿ ಕಳುಹಿಸಿದ. ರೊಟ್ಟಿ ಸಿಗದಿದ್ದುದಕ್ಕಿಂತ ಈ ಮಾತೇ ಹೆಚ್ಚು ಚುಚ್ಚಿತು. ದಾವೀದ 200 ಮಂದಿಯನ್ನು ಸಾಮಾನು ಕಾಯಲು ಬಿಟ್ಟು, 400 ಮಂದಿಯನ್ನು ಕರೆದುಕೊಂಡು ಹೊರಟ. ಬೆಳಗಾಗುವುದರೊಳಗೆ ಆ ಮನೆಯಲ್ಲಿ ಒಬ್ಬ ಗಂಡಸನ್ನೂ ಉಳಿಸುವುದಿಲ್ಲವೆಂದು ಆಣೆ ಮಾಡಿದ.

ಅವನ ಕೋಪ ನ್ಯಾಯವೇ? ಒಂದು ಪಾಲು ನ್ಯಾಯವೇ. ಕೋಪವೆಲ್ಲ ಪಾಪ ಎಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ಸಂತ ತೋಮಸ್ ಅಕ್ವಿನಾಸರು (1225-1274) ಕೋಪದ ಬಗ್ಗೆ ಬರೆಯುತ್ತಾ, ಅತಿಯಾದ ಕೋಪ ಹೇಗೆ ದೋಷವೋ ಹಾಗೆಯೇ ಅನ್ಯಾಯವನ್ನು ಕಂಡೂ ಕೋಪ ಬಾರದಿರುವುದು ಸಹ ದೋಷವೆಂದು ಹೇಳುತ್ತಾರೆ. ತಪ್ಪಿರುವುದು ಬೇರೆ ಕಡೆ. ತೋಮಸರು ಗುರುವಿನಂತೆ ಗೌರವಿಸುತ್ತಿದ್ದ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಇದಕ್ಕೊಂದು ಒಳ್ಳೆಯ ಹೋಲಿಕೆ ಕೊಟ್ಟಿದ್ದಾನೆ. ಕೋಪವೆಂಬುದು ಅವಸರದ ಆಳಿನ ಹಾಗೆ; ಧಣಿ ಮಾತು ಮುಗಿಸುವ ಮೊದಲೇ ಓಡಿಹೋಗಿ, ಹೇಳಿದ್ದನ್ನು ಬಿಟ್ಟು ಬೇರೇನನ್ನೋ ಮಾಡಿ ಬರುತ್ತಾನೆ. ಸೆಮಿನರಿಯಲ್ಲಿ ಇದನ್ನು ಓದಿದಾಗ ನಾವು ನಕ್ಕಿದ್ದೆವು. ಆದರೆ ಅದರಲ್ಲಿ ಆಳವಾದ ಮಾತಿದೆ. ಕೋಪ ವಿವೇಕದ ಮಾತನ್ನು ಕೇಳುವುದೇ ಇಲ್ಲ ಎಂದಲ್ಲ. ಅರ್ಧ ಕೇಳುತ್ತದೆ. "ನಿನಗೆ ಅನ್ಯಾಯವಾಗಿದೆ" ಎಂದು ವಿವೇಕ ಹೇಳುತ್ತದೆ, ಅದು ನಿಜ. "ಆದರೆ..." ಎಂದು ವಿವೇಕ ಮುಂದುವರಿಸುವಷ್ಟರಲ್ಲಿ ಕೋಪ ಕತ್ತಿ ಹಿಡಿದು ಬೀದಿಗಿಳಿದಿರುತ್ತದೆ. ಒಳ್ಳೆಯ ಸಲಹೆಗಾರನ ಕೆಲಸವೆಂದರೆ ಆ ಉಳಿದರ್ಧ ವಾಕ್ಯವನ್ನು ಕೇಳಿಸುವುದು.

ಈಗ ಅಬೀಗೈಲ್ ಬರುತ್ತಾಳೆ. ಅವಳಿಗೆ ಸುದ್ದಿ ಮುಟ್ಟಿಸಿದವನು ಮನೆಯ ಒಬ್ಬ ಆಳು. ಧಣಿಯ ಹತ್ತಿರ ಯಾಕೆ ಹೋಗಲಿಲ್ಲ? ಅವನೊಂದಿಗೆ ಯಾರೂ ಮಾತಾಡುವ ಹಾಗಿಲ್ಲ ಎಂದು ಅವನೇ ಹೇಳುತ್ತಾನೆ. ನನ್ನ ಮಟ್ಟಿಗೆ ಇಡೀ ಅಧ್ಯಾಯದಲ್ಲಿ ಅತ್ಯಂತ ಭಯಂಕರವಾದ ಮಾತು ಇದು, ದಾವೀದನ ಆಣೆಗಿಂತಲೂ. ದಾವೀದ ಕೋಪಿಷ್ಠನಾದರೂ ಅವನ ಎದುರು ನಿಂತು ಮಾತಾಡಬಹುದಿತ್ತು. ನಾಬಾಲನಿಗೆ ಮನೆ ಸುಡುತ್ತಿದೆ ಎಂದು ಹೇಳಲೂ ಮನೆಯವರಿಗೆ ಧೈರ್ಯವಿರಲಿಲ್ಲ. ನಮ್ಮ ಮನೆಗಳಲ್ಲಿ ಮಗನಿಗೆ ಕೆಲಸ ಹೋದದ್ದು, ಮಗಳ ಸಂಕಟ, ಬ್ಯಾಂಕಿನ ನೋಟಿಸು ಇವೆಲ್ಲ ಮನೆಯ ಯಜಮಾನನಿಗೆ ಕೊನೆಯಲ್ಲಿ ತಿಳಿಯುತ್ತಿದ್ದರೆ, ತಿಳಿಸದಿದ್ದವರನ್ನು ಗದರುವ ಮೊದಲು ಆತ ಈ ಆಳಿನ ಮಾತನ್ನು ಒಮ್ಮೆ ಓದಿಕೊಳ್ಳಬೇಕು.

ಅಬೀಗೈಲ್ ಮಾಡಿದ್ದೇನು? ಮೊದಲು ಕತ್ತೆಗಳ ಮೇಲೆ ಊಟ ಹೇರಿಸಿದಳು. 200 ರೊಟ್ಟಿ, ಎರಡು ಬುದ್ದಲಿ ದ್ರಾಕ್ಷಾರಸ, ಐದು ಕುರಿಯ ಮಾಂಸ, ಹುರಿದ ಕಾಳು, 100 ಗೊಂಚಲು ಒಣದ್ರಾಕ್ಷಿ, 200 ಅಂಜೂರದ ಉಂಡೆ. ಪವಿತ್ರ ಗ್ರಂಥ ಇದನ್ನೆಲ್ಲ ಎಣಿಸಿ ಎಣಿಸಿ ಹೇಳುತ್ತದೆ. ಯಾಕೆಂದರೆ ಇದೂ ಸಲಹೆಯ ಒಂದು ಭಾಗ. ದಾವೀದನಿಗೆ ಸಲ್ಲಬೇಕಾದದ್ದು ಸಂದಿರಲಿಲ್ಲ. ಅದನ್ನು ಸಲ್ಲಿಸಿ ಆಮೇಲೆ ಮಾತಾಡಿದಳು. ತಮ್ಮನಿಗೆ ಬರಬೇಕಾದ ಜಮೀನನ್ನು ಕೊಡದೆ, "ಹೋಗಲಿ ಬಿಡಪ್ಪಾ, ಕ್ರೈಸ್ತರು ಕ್ಷಮಿಸಬೇಕು" ಎಂದು ಬುದ್ಧಿ ಹೇಳಲು ಬರುವ ಹಿರಿಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬರಿಗೈಯಲ್ಲಿ ಬಂದ ಆ ಉಪದೇಶ ಉರಿಯುವ ಬೆಂಕಿಗೆ ಎಣ್ಣೆಯಾಗುತ್ತದೆ.

ಆಮೇಲೆ ಅವಳ ಮಾತು. "ಕೋಪ ಮಾಡಿಕೊಳ್ಳಬೇಡ" ಎಂದು ಅವಳು ಒಮ್ಮೆಯೂ ಹೇಳುವುದಿಲ್ಲ. ಕತ್ತೆಯಿಂದಿಳಿದು, ನೆಲಕ್ಕೆ ಬಿದ್ದು, ತಪ್ಪು ನನ್ನ ಮೇಲಿರಲಿ ಎನ್ನುತ್ತಾಳೆ. ನೀನು ರಕ್ತ ಸುರಿಸದಂತೆ ಸರ್ವೇಶ್ವರ ನಿನ್ನನ್ನು ತಡೆದಿದ್ದಾರೆ ಎನ್ನುತ್ತಾಳೆ. ಗಮನಿಸಿ: ಕತ್ತಿ ಇನ್ನೂ ದಾವೀದನ ಸೊಂಟದಲ್ಲೇ ಇದೆ, 400 ಮಂದಿ ಹಿಂದೆಯೇ ನಿಂತಿದ್ದಾರೆ. ಆದರೂ ಅವನು ಈಗಾಗಲೇ ಹಿಂತಿರುಗಿದವನೆಂಬಂತೆ ಮಾತಾಡುತ್ತಾಳೆ. ಕೊನೆಯಲ್ಲಿ, ನೀನು ಮುಂದೆ ಅರಸನಾಗುವೆ, ಆಗ ಸುಮ್ಮಸುಮ್ಮನೆ ರಕ್ತ ಸುರಿಸಿದೆನಲ್ಲಾ ಎಂಬ ಕೊರಗು ನಿನ್ನ ಮನಸ್ಸಾಕ್ಷಿಯನ್ನು ಕಾಡದಿರಲಿ ಎನ್ನುತ್ತಾಳೆ. ಕೋಪಕ್ಕೆ ನಾಳೆ ಎಂಬುದಿರುವುದಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮ ಹಿರಿಯರು ಹೇಳುವುದೂ ಇದನ್ನೇ. ಅಬೀಗೈಲ್ ಆ ನಾಳೆಯನ್ನು ತಂದು ದಾವೀದನ ಕಣ್ಣ ಮುಂದೆ ನಿಲ್ಲಿಸಿದಳು. ಅದೇ ಆ ಉಳಿದರ್ಧ ವಾಕ್ಯ.

ಇಲ್ಲೊಂದು ಮಾತು ಹೇಳಲೇಬೇಕು. ಕುಡುಕ ಗಂಡನನ್ನು ಸಹಿಸಿಕೊಂಡ ತಾಳ್ಮೆಯ ಹೆಂಡತಿ ಎಂದು ಅಬೀಗೈಲಳನ್ನು ಮಹಿಳೆಯರ ಸಭೆಗಳಲ್ಲಿ ಹೊಗಳುವುದುಂಟು. ಗ್ರಂಥದಲ್ಲಿರುವ ಹೆಂಗಸು ಅವಳಲ್ಲ. ಗಂಡನಿಗೆ ಹೇಳದೆ ಹೊರಟವಳು, ಅವನು ಹೆಸರಿಗೆ ತಕ್ಕ ಮೂರ್ಖನೆಂದು ಪರಗಂಡಸಿನ ಎದುರು ಹೇಳಿದವಳು. (ನಾಬಾಲ್ ಎಂದರೆ ಹೀಬ್ರೂ ಭಾಷೆಯಲ್ಲಿ ಮೂರ್ಖ ಎಂದೇ ಅರ್ಥ.) ಅವಳು ಹೊಡೆತವನ್ನು ಸಹಿಸಿಕೊಂಡು ಕೂರಲಿಲ್ಲ, ಹೊಡೆತ ಬೀಳದಂತೆ ತಡೆದಳು.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಆಣೆ ಮುರಿದದ್ದು ಪಾಪವೇ? ಸಂತ ಅಗುಸ್ತೀನರು (354-430) ಸ್ನಾನಿಕ ಯೊವಾನ್ನರ ಶಿರಚ್ಛೇದನದ ಬಗ್ಗೆ ಮಾಡಿದ ಪ್ರಬೋಧನೆಯೊಂದರಲ್ಲಿ ದಾವೀದನನ್ನೂ ಹೆರೋದನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತಾರೆ. ಹೆರೋದ ಹುಟ್ಟುಹಬ್ಬದ ಔತಣದಲ್ಲಿ, ಅರ್ಧ ರಾಜ್ಯ ಕೇಳಿದರೂ ಕೊಡುತ್ತೇನೆಂದು ಹುಡುಗಿಗೆ ಆಣೆ ಮಾಡಿದ. ಅವಳು ಯೊವಾನ್ನರ ತಲೆ ಕೇಳಿದಾಗ ಅವನಿಗೆ ದುಃಖವೇ ಆಯಿತು. ಆದರೂ ಆಣೆಯ ಸಲುವಾಗಿ, ಅತಿಥಿಗಳ ಸಲುವಾಗಿ ಕೊಟ್ಟುಬಿಟ್ಟ. ದಾವೀದ ಆಣೆ ಮುರಿದ. ಒಂದು ಮನೆ ಉಳಿಯಿತು. ಹೆರೋದ ಆಣೆ ಉಳಿಸಿಕೊಂಡ. ಒಬ್ಬ ಪ್ರವಾದಿ ಸತ್ತ. ಕೆಟ್ಟ ಕೆಲಸ ಮಾಡುತ್ತೇನೆಂದು ದೇವರ ಹೆಸರಿನಲ್ಲಿ ಆಣೆ ಮಾಡುವುದೇ ತಪ್ಪು, ಅದನ್ನು ನೆರವೇರಿಸಿದರೆ ಇನ್ನೊಂದು ತಪ್ಪು ಎಂಬುದು ಸಂತ ತೋಮಸರ ನಿಲುವು. 1983ರಲ್ಲಿ ಹೊರಬಂದ ಧರ್ಮಸಭೆಯ ಕಾನೂನು ಸಂಹಿತೆಯೂ ಇದನ್ನೇ ಹೇಳುತ್ತದೆ. ಇನ್ನೊಬ್ಬರಿಗೆ ನೇರವಾಗಿ ಕೇಡುಮಾಡುವ ಕೆಲಸಕ್ಕೆ ಆಣೆ ಸೇರಿಸಿದರೆ ಆ ಆಣೆಯಿಂದ ಅದಕ್ಕೆ ಯಾವ ಬಲವೂ ಬರುವುದಿಲ್ಲ.

ನಮ್ಮಲ್ಲಿ ಯಾರೂ ಒಂದು ಮನೆಯ ಗಂಡಸರನ್ನೆಲ್ಲ ಕೊಲ್ಲುತ್ತೇನೆಂದು ಆಣೆ ಮಾಡುವುದಿಲ್ಲ. ನಮ್ಮ ಆಣೆಗಳು ಬೇರೆ. "ಆ ಮನೆಯ ನೀರು ಮುಟ್ಟಿದರೆ ನಾನು ನಮ್ಮಪ್ಪನಿಗೆ ಹುಟ್ಟಿದವನಲ್ಲ." "ಅವಳು ಸತ್ತರೂ ಮುಖ ನೋಡುವುದಿಲ್ಲ." ಹೇಳಿದ್ದು ಒಂದು ನಿಮಿಷದ ಮಾತು, ಅದನ್ನು ಹೊತ್ತುಕೊಂಡದ್ದು 20 ವರ್ಷ. ಶವಸಂಸ್ಕಾರಕ್ಕೆ ಹೋದಾಗ ಸಮಾಧಿಭೂಮಿಯ ಗೇಟಿನ ಹೊರಗೆ, ರಸ್ತೆಯ ಆಚೆ ಬದಿಯಲ್ಲಿ ನಿಂತವರನ್ನು ನೋಡಿದ್ದೇನೆ. ಒಡಹುಟ್ಟಿದವರ ಹೆಣ ಒಳಗೆ, ಇವರು ಹೊರಗೆ. ಬಂದಿದ್ದಾರೆ, ಅಂದರೆ ಕೋಪ ಆರಿದೆ. ಒಳಗೆ ಬರುತ್ತಿಲ್ಲ, ಅಂದರೆ ಆಣೆ ಇನ್ನೂ ಬಿಟ್ಟಿಲ್ಲ. ಆ ಆಣೆಯನ್ನು ಮುರಿದರೆ ದೇವರು ಮುನಿಯುತ್ತಾರೆಂದು ಕೆಲವರು ನಿಜವಾಗಿಯೂ ಹೆದರುತ್ತಾರೆ. ಅವರಿಗೆ ನಾನು ಸ್ಪಷ್ಟವಾಗಿ ಹೇಳುತ್ತೇನೆ: ಇಲ್ಲ. ದ್ವೇಷಕ್ಕೆ ಮಾಡಿದ ಆಣೆಗೆ ದೇವರು ಸಾಕ್ಷಿ ನಿಲ್ಲುವುದಿಲ್ಲ. ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನೊಂದಿಗೆ ರಾಜಿಯಾಗಿ ಬಾ ಎಂದು ಹೇಳಿದ ಯೇಸುಸ್ವಾಮಿ, ಆಣೆ ಮಾಡಿದವರನ್ನು ಬಿಟ್ಟು ಉಳಿದವರು ಎಂದೇನೂ ಹೇಳಲಿಲ್ಲ.

ಆದರೆ ಸಲಹೆ ಕೇಳುವುದು ಯಾರನ್ನು? ನಮ್ಮ ಕಥೋಲಿಕ ಬೈಬಲ್ಲಿನಲ್ಲಿರುವ ಸಿರಾಖನ ಗ್ರಂಥದ 37ನೆಯ ಅಧ್ಯಾಯ ಈ ವಿಷಯದಲ್ಲಿ ಬಹಳ ಖಾರವಾಗಿದೆ. ಸಲಹೆ ಕೊಡುವವನಿಗೆ ಅದರಿಂದ ಸಿಗುವುದೇನು ಎಂದು ಮೊದಲು ತಿಳಿದುಕೋ ಎನ್ನುತ್ತದೆ. ಹೇಡಿಯ ಹತ್ತಿರ ಯುದ್ಧದ ಬಗ್ಗೆ, ಕೊಳ್ಳುವವನ ಹತ್ತಿರ ಮಾರಾಟದ ಬಗ್ಗೆ ಕೇಳಬೇಡ ಎಂದು ದೊಡ್ಡ ಪಟ್ಟಿಯನ್ನೇ ಕೊಡುತ್ತದೆ. "ಬಿಡಬೇಡ, ಕೇಸು ಹಾಕು" ಎಂದು ಹುರಿದುಂಬಿಸುವ ನೆಂಟನಿಗೆ ಆ ಆಸ್ತಿಯ ಮೇಲೆ ಕಣ್ಣಿದೆಯೇ ಎಂದು ನೋಡುವುದು ಸಂಶಯ ಸ್ವಭಾವವಲ್ಲ, ಬೈಬಲ್ ಹೇಳಿದ ಜಾಣತನ. ಇನ್ನು ಒಳ್ಳೆಯ ಸಲಹೆ ನಾವು ನಿರೀಕ್ಷಿಸಿದ ಬಾಯಿಂದಲೇ ಬರಬೇಕೆಂದೂ ಇಲ್ಲ. ಸಮುವೇಲನನ್ನು ಕಳೆದುಕೊಂಡ ದಾವೀದನಿಗೆ ದೇವರು ಇನ್ನೊಬ್ಬ ಪ್ರವಾದಿಯನ್ನು ಕಳುಹಿಸಲಿಲ್ಲ. ಶತ್ರುವಿನ ಹೆಂಡತಿಯನ್ನು ಕಳುಹಿಸಿದರು. ದೃಢೀಕರಣ ಸಂಸ್ಕಾರದಲ್ಲಿ ನಾವು ಪಡೆದ ಪವಿತ್ರಾತ್ಮರ ಏಳು ವರಗಳಲ್ಲಿ ಸದಾಲೋಚನೆಯೂ ಒಂದು. ಅದು ಬೇರೆಯವರಿಗೆ ಬುದ್ಧಿ ಹೇಳುವ ವರವೆಂದು ಬಹಳ ಮಂದಿ ತಿಳಿದಿದ್ದಾರೆ. ಸಂತ ತೋಮಸರ ಪ್ರಕಾರ ಅದು ಮೊದಲಿಗೆ ಪವಿತ್ರಾತ್ಮರಿಂದ ತಾನೇ ಬುದ್ಧಿ ಹೇಳಿಸಿಕೊಳ್ಳುವ ವರ.

ಹೇಳುವವರಿಗೂ ಹೊತ್ತುಗೊತ್ತು ಬೇಕು. ದಾವೀದನ ಬಳಿಗೆ ಒಂದು ಗಳಿಗೆಯೂ ತಡಮಾಡದೆ ಓಡಿದ ಅಬೀಗೈಲ್, ಮನೆಗೆ ಬಂದಾಗ ನಾಬಾಲ್ ಅರಸನಂತೆ ಔತಣ ನಡೆಸುತ್ತಾ ಕುಡಿದು ಮತ್ತನಾಗಿದ್ದುದನ್ನು ಕಂಡಳು. ಬೆಳಗಾಗುವವರೆಗೆ ಚಕಾರವೆತ್ತಲಿಲ್ಲ. ಅಮಲು ಇಳಿದ ಮೇಲೆ ಎಲ್ಲವನ್ನೂ ಹೇಳಿದಳು. ಒಬ್ಬನಿಗೆ ಆ ಕ್ಷಣವೇ, ಇನ್ನೊಬ್ಬನಿಗೆ ಮರುದಿನ. ನಾಬಾಲನಿಗೆ ಆ ಮಾತು ಕೇಳಿ ಎದೆಯೊಡೆಯಿತು, ಕಲ್ಲಿನಂತಾದ, ಸುಮಾರು ಹತ್ತು ದಿನಗಳ ಮೇಲೆ ಸತ್ತ. ಎಲ್ಲ ಒಳ್ಳೆಯ ಸಲಹೆಯೂ ಫಲ ಕೊಡುವುದಿಲ್ಲ ಎಂಬುದನ್ನೂ ಪವಿತ್ರ ಗ್ರಂಥ ಮುಚ್ಚಿಡುವುದಿಲ್ಲ.

ದಾವೀದ ಮಾತ್ರ ಆ ದಾರಿಯಲ್ಲೇ ಸರ್ವೇಶ್ವರನನ್ನು ಕೊಂಡಾಡಿದ, ಅವಳ ವಿವೇಕವನ್ನು ಕೊಂಡಾಡಿದ, ಅವಳು ತಂದ ರೊಟ್ಟಿಯನ್ನು ಕೈಯಾರೆ ತೆಗೆದುಕೊಂಡ. ನೀನು ಬರದಿದ್ದರೆ ನಾಬಾಲನ ಮನೆಯಲ್ಲಿ ಒಬ್ಬನೂ ಉಳಿಯುತ್ತಿರಲಿಲ್ಲ ಎಂದು ಎಲ್ಲರೆದುರು ಒಪ್ಪಿಕೊಂಡ. ಹೆರೋದನ ಸುತ್ತ ಅತಿಥಿಗಳಿದ್ದಂತೆ ದಾವೀದನ ಹಿಂದೆ ಆಣೆಯನ್ನು ಕಿವಿಯಾರೆ ಕೇಳಿದ್ದ 400 ಮಂದಿ ಇದ್ದರು. ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಅಷ್ಟು ದೂರ ಬಂದವರು, ಒಬ್ಬ ಹೆಂಗಸಿನ ಮಾತಿಗೆ ನಾಯಕ ಹಿಂತಿರುಗಿದಾಗ ಏನೆಂದುಕೊಂಡರೋ ಗ್ರಂಥ ಹೇಳುವುದಿಲ್ಲ. ಆ ರಾತ್ರಿ ಅವರೆಲ್ಲರಿಗೂ ಊಟವಿತ್ತು.