ಮಾತು ಬಾರದ ಕಂದನ ಪರವಾಗಿ ಒಪ್ಪುವವರು ಯಾರು?

ಮಗು ಹುಟ್ಟಿ ಎರಡು ದಿನವಾಗಿದೆಯೆಂದು ಭಾವಿಸಿರಿ. ಕಿವಿಯಲ್ಲಿ ಅದಾನ್ ಹೇಳಿಯಾಗಿದೆ. ಯಾವ ಹೆಸರಿಡಬೇಕೆಂದು ಮನೆಮಂದಿ ಚರ್ಚಿಸುತ್ತಿದ್ದಾರೆ. ಅಷ್ಟರಲ್ಲಿ ಮಗುವಿನ ಒಂದು ಕೈ ಬಿಟ್ಟು ಬಿಟ್ಟು ಅದುರತೊಡಗುತ್ತದೆ. ಮೆದುಳಿನ ರಕ್ತನಾಳವೊಂದು ಮುಚ್ಚಿಹೋಗಿದೆ, ಇದು ಪಾರ್ಶ್ವವಾಯು ಎಂದು ವೈದ್ಯರು ಹೇಳುತ್ತಾರೆ. ವೃದ್ಧರಿಗೆ ಬರುವ ಕಾಯಿಲೆ ಹಸುಗೂಸಿಗೆ ಹೇಗೆ ಬಂತೆಂದು ನೀವು ಬೆರಗಾಗುವಿರಿ. ಆದರೆ ಕೆಲವು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹೀಗಾಗುವುದುಂಟು. ಇದು ತಾಯಿಯ ತಪ್ಪಲ್ಲ. ಸೊಸೆಯತ್ತ ಬೆರಳು ತೋರಿಸುವವರನ್ನು ಮೊದಲು ಸುಮ್ಮನಾಗಿಸಿರಿ.

ವೈದ್ಯರು ಇಂದು ಸೆಳವನ್ನು ತಡೆಯಬಲ್ಲರು, ಮುಂದೆ ವ್ಯಾಯಾಮದ ಮೂಲಕ ಕೈಕಾಲಿಗೆ ಬಲ ತುಂಬಲು ನೆರವಾಗಬಲ್ಲರು. ಆದರೆ ಹಾನಿಗೊಂಡ ಮೆದುಳನ್ನು ಸರಿಪಡಿಸುವ ಸಾಬೀತಾದ ಮದ್ದು ಇನ್ನೂ ಇಲ್ಲ. ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ವೈದ್ಯರು ಇಂತಹ 10 ಶಿಶುಗಳ ಮೂಗಿಗೆ, ದಾನಿಗಳ ಅಸ್ಥಿಮಜ್ಜೆಯಿಂದ ಪಡೆದ ಕಾಂಡಕೋಶಗಳ ಹನಿ ಹಾಕಿದರು. ಗಂಭೀರ ತೊಂದರೆ ಕಾಣಲಿಲ್ಲವೆಂದು 2022ರಲ್ಲಿ ವರದಿ ಮಾಡಿದರು. ಆದರೆ ಹೋಲಿಸಿ ನೋಡಲು ಹನಿ ಹಾಕದ ಮಕ್ಕಳ ಗುಂಪು ಇರಲಿಲ್ಲ. ಹಾಗಾಗಿ ಅದರಿಂದ ಗುಣವಾಗುತ್ತದೆಂದು ಹೇಳುವಂತಿಲ್ಲ.

ಇಲ್ಲಿ ಪ್ರಶ್ನೆಯೊಂದು ಏಳುತ್ತದೆ. ಬೇಕು, ಬೇಡ ಎನ್ನಲಾಗದ ಮಗುವಿನ ಮೇಲೆ ಹೊಸ ಚಿಕಿತ್ಸೆಯನ್ನು ಪರೀಕ್ಷಿಸುವುದು ನ್ಯಾಯವೇ?

ವಿಧಿಯೆಂದು ಕೈಕಟ್ಟಿ ಕೂರೋಣ ಎನ್ನುವವರಿದ್ದಾರೆ. ಒಂಟೆಯನ್ನು ಕಟ್ಟಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಚಿಕಿತ್ಸೆ ಹುಡುಕುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ಇನ್ನು ಕೆಲವರು, ಪರೀಕ್ಷೆಯ ಗೊಡವೆಯೇಕೆ, ಹೊಸ ಮದ್ದನ್ನು ಎಲ್ಲರಿಗೂ ಕೊಡಲಿ ಎನ್ನುತ್ತಾರೆ. ಅವರು ಬೇರೊಂದು ಕಾಯಿಲೆಯ ಉದಾಹರಣೆಯನ್ನು ನೋಡಲಿ. ಹೆರಿಗೆಯ ವೇಳೆ ಆಮ್ಲಜನಕ ಸಾಲದೆ ಮೆದುಳಿಗೆ ಪೆಟ್ಟಾದ ಶಿಶುಗಳ ದೇಹವನ್ನು 72 ಗಂಟೆ ಕಾಲ ತಂಪಾಗಿಡುವ ಚಿಕಿತ್ಸೆಯಿದೆ. ಶ್ರೀಮಂತ ದೇಶಗಳಲ್ಲಿ ಅದು ಅನೇಕ ಮಕ್ಕಳನ್ನು ಉಳಿಸಿದೆ. ಅದನ್ನೇ ಭಾರತ, ಶ್ರೀಲಂಕಾ ಮತ್ತು ಬಾಂಗ್ಲಾದೇಶಗಳ 408 ಶಿಶುಗಳಲ್ಲಿ ಪರೀಕ್ಷಿಸಲಾಯಿತು. ಬೆಂಗಳೂರಿನ ಮಕ್ಕಳೂ ಅವರಲ್ಲಿದ್ದರು. 2021ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ತಲ್ಲಣಗೊಳಿಸಿತು. ತಂಪುಗೊಳಿಸಿದ ಶಿಶುಗಳಲ್ಲಿ ನೂರಕ್ಕೆ 42 ಮಂದಿ ತೀರಿಕೊಂಡಿದ್ದರು, ಉಳಿದ ಗುಂಪಿನಲ್ಲಿ 31 ಮಂದಿ. ಪರೀಕ್ಷೆ ನಡೆಯದಿದ್ದರೆ, ಒಳ್ಳೆಯ ನಿಯ್ಯತ್ತಿನಿಂದಲೇ ನಾವು ಇನ್ನೆಷ್ಟು ಮಕ್ಕಳಿಗೆ ಹಾನಿ ಮಾಡುತ್ತಿದ್ದೆವೋ! ನಿಯ್ಯತ್ತು ಶುದ್ಧವಾಗಿದ್ದರೆ ಸಾಲದು, ಅರಿವೂ ಬೇಕು. ವೈದ್ಯ ತಿಳಿಯದವನು ಚಿಕಿತ್ಸೆ ನೀಡಿದರೆ ಹಾನಿಗೆ ಅವನೇ ಹೊಣೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವುದು ಇದಕ್ಕಾಗಿಯೇ.

ಹಾಗಾದರೆ ತಂದೆತಾಯಿ ಏನು ಮಾಡಬೇಕು? ಅನಾಥನ ಸೊತ್ತನ್ನು ನೋಡಿಕೊಳ್ಳುವ ಪೋಷಕನನ್ನು ನೆನೆಯಿರಿ. ಆ ಸೊತ್ತನ್ನು ಪರರಿಗೆ ದಾನ ಮಾಡುವ ಹಕ್ಕು ಅವನಿಗಿಲ್ಲ. ಆದರೆ ಅನಾಥನ ಹಿತಕ್ಕಾಗಿ ಎಚ್ಚರದಿಂದ ವ್ಯಾಪಾರದಲ್ಲಿ ತೊಡಗಿಸಬಹುದು. ಮಗುವೂ ನಮ್ಮ ಸೊತ್ತಲ್ಲ, ಅಲ್ಲಾಹನ ಅಮಾನತ್ತು. ವಿಜ್ಞಾನ ಬೆಳೆಯಲೆಂದು ಅದನ್ನು ಬಲಿಗೊಡುವಂತಿಲ್ಲ. ಅದರದೇ ಕಾಯಿಲೆಗೆ, ಅದಕ್ಕೂ ಪ್ರಯೋಜನವಾಗುವ ನಿರೀಕ್ಷೆಯಿಂದ, ಅಪಾಯವನ್ನು ತೂಗಿ ನೋಡಿ ಒಪ್ಪಬಹುದು. ಸಹಿ ಹಾಕುವ ಮುನ್ನ ಕೇಳಿರಿ: ನೈತಿಕ ಸಮಿತಿಯ ಅನುಮತಿಯಿದೆಯೇ? ನಡುವೆ ಬೇಡವೆನ್ನಬಹುದೇ? ಹಾನಿಯಾದರೆ ಯಾರು ನೋಡಿಕೊಳ್ಳುತ್ತಾರೆ? ಕೇಳುವುದು ನಿಮ್ಮ ಹಕ್ಕು ಮಾತ್ರವಲ್ಲ, ಮಗುವಿನ ಪರವಾಗಿ ನಿಮ್ಮ ಕರ್ತವ್ಯ.

ಸಂಶೋಧನೆಯ ಹೆಸರಿನಲ್ಲಿ ಹಣ ಕೇಳುವವರಿಂದ ದೂರವಿರಿ. ಕೆಲವು ರಕ್ತದ ಕಾಯಿಲೆಗಳಂತಹ ಅಂಗೀಕೃತ ಸಂದರ್ಭಗಳನ್ನು ಬಿಟ್ಟು, ಕಾಂಡಕೋಶ ಚಿಕಿತ್ಸೆಯನ್ನು ಮಾರುವಂತಿಲ್ಲವೆಂದು ನಮ್ಮ ದೇಶದ 2017ರ ಮಾರ್ಗಸೂಚಿ ಸ್ಪಷ್ಟಪಡಿಸಿದೆ. ಒಡವೆ ಅಡವಿಟ್ಟು ಸುಳ್ಳು ಭರವಸೆ ಕೊಳ್ಳಬೇಡಿರಿ.

ಎಲ್ಲ ಪ್ರಯತ್ನದ ಬಳಿಕವೂ ಮಗುವಿನ ಕೈಯೊಂದು ದುರ್ಬಲವಾಗಿ ಉಳಿಯಬಹುದು. ಆಗಲೂ ಆ ಅಮಾನತ್ತಿನ ಬೆಲೆ ಎಳ್ಳಷ್ಟೂ ಕುಂದುವುದಿಲ್ಲ. ಅದನ್ನು ಎತ್ತಿ ಆಡಿಸುವ ಕೈಗಳು ನಮ್ಮವಾಗಿರಲಿ.