ಆಕಾಶದ ನಿಯಮ, ಅಂಗಡಿಯ ತಕ್ಕಡಿ



ಕೃಷ್ಣರಾಜಸಾಗರದಲ್ಲಿ ನೀರು 124.80 ಅಡಿ ಮುಟ್ಟಿತೆಂದು ಕೇಳಿದರೆ ನಮ್ಮ ಜಿಲ್ಲೆಯ ರೈತನ ಮುಖ ಅರಳುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟ ನೀರು ಯಾರೂ ದೂಡದೆ, ಯಾವ ಯಂತ್ರವೂ ಎಳೆಯದೆ ಮಂಡ್ಯ, ಮದ್ದೂರು ಕಡೆಯ ಗದ್ದೆಗಳ ತನಕ ತಾನಾಗಿ ಹರಿದು ಹೋಗುತ್ತದೆ. ಅದೇ ನೀರು ಎತ್ತರದಲ್ಲಿರುವ ನಾಗಮಂಗಲದ ರಾಗಿ ಹೊಲಗಳಿಗೆ ತಾನಾಗಿ ಏರುವುದಿಲ್ಲ. ನೀರಿಗೆ ಒಂದು ಊರಿನ ಮೇಲೆ ಪ್ರೀತಿ, ಇನ್ನೊಂದು ಊರಿನ ಮೇಲೆ ದ್ವೇಷ ಎಂಬುದಿಲ್ಲ. ಅದು ತನಗೆ ವಿಧಿಸಲಾದ ಒಂದು ನಿಯಮವನ್ನು ಪಾಲಿಸುತ್ತದೆ, ಅಷ್ಟೆ. ಆ ನಿಯಮಕ್ಕೆ ನಾವು ಗುರುತ್ವಾಕರ್ಷಣೆ ಎನ್ನುತ್ತೇವೆ.

ಈ ಒಂದು ನಿಯಮದ ವ್ಯಾಪ್ತಿಯನ್ನು ಸ್ವಲ್ಪ ಯೋಚಿಸಿ ನೋಡಿ. ನಾಲೆಯ ನೀರನ್ನು ಇಳಿಸುವ ಶಕ್ತಿಯೇ ಚಂದ್ರನನ್ನೂ ಹಿಡಿದಿದೆ. ಚಂದ್ರನು ನಮ್ಮಿಂದ ಸರಾಸರಿ 3,84,000 ಕಿಲೋಮೀಟರ್ ದೂರದಲ್ಲಿ, ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದಾನೆ. ಪ್ರತಿ ಸೆಕೆಂಡಿಗೆ ಸುಮಾರು 1.4 ಮಿಲಿಮೀಟರಿನಷ್ಟು ಆತ ಭೂಮಿಯ ಕಡೆಗೆ ಬೀಳುತ್ತಲೂ ಇದ್ದಾನೆ. ಸೆಳೆತ ಇಲ್ಲದಿದ್ದರೆ ನೇರವಾಗಿ ಎಲ್ಲೋ ಹೊರಟುಹೋಗುತ್ತಿದ್ದ. ವೇಗ ಇಲ್ಲದಿದ್ದರೆ ನಮ್ಮ ಮೇಲೆಯೇ ಬೀಳುತ್ತಿದ್ದ. ಈ ಎರಡರ ನಡುವೆ ಆತನಿಗೊಂದು ದಾರಿ ನಿಗದಿಯಾಗಿದೆ. ಅದನ್ನೇ ಕಕ್ಷೆ ಎನ್ನುತ್ತೇವೆ.

ಶ್ರೀರಂಗಪಟ್ಟಣದ ಮಣ್ಣಿಗೆ ಈ ವಿಷಯ ಅಪರಿಚಿತವಲ್ಲ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯವು ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿಗೆ ಕಟ್ಟಿ ಹಾರಿಸಿದ ಬಾಣಗಳನ್ನು 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರು ಕಂಡು ಬೆರಗಾಗಿದ್ದರು. ಆದರೆ ಎಷ್ಟು ರಭಸದಿಂದ ಹಾರಿದರೂ ಆ ಬಾಣಗಳು ಕೊನೆಗೆ ನೆಲಕ್ಕೇ ಬೀಳಬೇಕಾಗಿತ್ತು. ಬೀಳುತ್ತಲೇ ಇದ್ದರೂ ನೆಲ ಮುಟ್ಟದಂತೆ ಭೂಮಿಯನ್ನು ಸುತ್ತಬೇಕಾದರೆ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗ ಬೇಕು. ಇಂದು ನೆರೆಯ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ ಕುಳಿತವರು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಕಾಯುತ್ತಾರೆ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ನೌಕೆಯು ಚಂದ್ರನ ಮೇಲೆ ಮೆಲ್ಲನೆ ಇಳಿದದ್ದೂ ಇದೇ ನಿಯಮದ ಲೆಕ್ಕಾಚಾರದಿಂದ. ನಿಯಮವನ್ನು ಯಾರೂ ಮುರಿಯಲಿಲ್ಲ. ಅದನ್ನು ಅರಿತು, ಅದರೊಳಗೆಯೇ ನಡೆದರು.

ನಾವು ಈಗ ಎಳೆದುಕೊಂಡ ಉಸಿರು ಕೂಡ ಈ ನಿಯಮದ ಕೊಡುಗೆ. ಭೂಮಿಯ ಸೆಳೆತವನ್ನು ಬಿಡಿಸಿಕೊಂಡು ಹೋಗಲು ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. ಗಾಳಿಯ ಕಣಗಳಿಗೆ ಸಾಮಾನ್ಯವಾಗಿ ಅಷ್ಟು ವೇಗವಿಲ್ಲದ್ದರಿಂದ ಅವು ಇಲ್ಲೇ ಉಳಿದಿವೆ. ಚಂದ್ರನಿಗೆ ಇರುವುದು ನಮ್ಮ ಆರರಲ್ಲೊಂದು ಪಾಲು ಸೆಳೆತ. ಅಲ್ಲಿಂದ ಪಾರಾಗಲು ಸೆಕೆಂಡಿಗೆ 2.4 ಕಿಲೋಮೀಟರ್ ವೇಗ ಸಾಕು. ಆದ್ದರಿಂದಲೇ ಆತನು ಗಾಳಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಹೋದ. ಮಂಗಳನ ಬಳಿ ಉಳಿದಿರುವ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಭಾಗದಷ್ಟೂ ಇಲ್ಲ. ಕಾಲ ಕೆಳಗಿನ ಈ ನೆಲಕ್ಕೆ ತಕ್ಕಷ್ಟು ಭಾರ ಇರುವುದರಿಂದ ನಾವು ಉಸಿರಾಡುತ್ತಿದ್ದೇವೆ. ಇದಕ್ಕಾಗಿ ದಿನಕ್ಕೊಮ್ಮೆಯಾದರೂ ನಾವು ಅಲ್ಹಮ್ದುಲಿಲ್ಲಾಹ್ ಎಂದದ್ದುಂಟೇ?

ಇಲ್ಲಿ ಕೆಲವರು ಕೇಳುತ್ತಾರೆ: ಎಲ್ಲವೂ ನಿಯಮದಂತೆ ನಡೆಯುವುದಾದರೆ ದೇವನಿಗೆ ಅಲ್ಲೇನು ಕೆಲಸ? ಇನ್ನು ಕೆಲವರು ನಿಯಮದ ಮಾತೆತ್ತಿದರೇ ಈಮಾನಿಗೆ ಧಕ್ಕೆಯೆಂದು ಹೆದರುತ್ತಾರೆ. ಇಬ್ಬರಿಗೂ ಪ್ರವಾದಿವರ್ಯರ(ಸ) ಜೀವನದಲ್ಲೇ ಉತ್ತರವಿದೆ. ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೆ ಸೂರ್ಯನೇ ಮಂಕಾದನೆಂದು ಜನ ಆಡಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಸುಮ್ಮನೆ ಒಪ್ಪಿಕೊಳ್ಳುತ್ತಿದ್ದರು. ಆದರೆ ಪುತ್ರಶೋಕದ ಆ ಗಳಿಗೆಯಲ್ಲೂ ಪ್ರವಾದಿವರ್ಯರು(ಸ) ಜನರನ್ನು ತಿದ್ದಿದರು. ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರೊಬ್ಬರ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿದರು. ನಿಯಮವಿದೆ ಎಂಬುದೇ ನಿಯಾಮಕನ ಕುರುಹು ಎಂದು ಬಗೆಯುವವನಿಗೆ ವಿಜ್ಞಾನದ ಭಯವಿಲ್ಲ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಪವಿತ್ರ ಕುರ್‌ಆನಿನ ಸೂರಃ ಅರ್ರಹ್ಮಾನ್‌ನಲ್ಲಿ ಸೂರ್ಯಚಂದ್ರರ ಲೆಕ್ಕಬದ್ಧತೆಯ ಪ್ರಸ್ತಾಪವಿದೆ. ಅದರ ಹಿಂದೆಯೇ ಆಕಾಶವನ್ನು ಎತ್ತರಿಸಿದ ಮತ್ತು ಮೀಝಾನ್ ಅಂದರೆ ತಕ್ಕಡಿಯನ್ನು ಇಟ್ಟ ಮಾತು ಬರುತ್ತದೆ. ಅದಕ್ಕೆ ಹೊಂದಿಕೊಂಡೇ ತೂಕದಲ್ಲಿ ಮೋಸ ಮಾಡಬೇಡಿರೆಂಬ ಆಜ್ಞೆಯಿದೆ. ಆಕಾಶದ ಮಾತಿನ ಮಗ್ಗುಲಲ್ಲೇ ಸಂತೆಯ ಮಾತು! ಆಲೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ತಕ್ಕಡಿ ಕೆಲಸ ಮಾಡುವುದೇ ಭೂಮಿಯ ಸೆಳೆತದಿಂದ. ಚಂದ್ರನನ್ನು ಹಿಡಿದ ಕೈಯೇ ಅಂಗಡಿಯ ತಟ್ಟೆಯನ್ನೂ ಬಾಗಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಮರ್ವ್ ನಗರದಲ್ಲಿದ್ದ ವಿದ್ವಾಂಸ ಅಲ್ ಖಾಝಿನೀ ಭಾರ, ಸಮತೋಲ ಮತ್ತು ಭಾರಕೇಂದ್ರಗಳ ಬಗ್ಗೆ ಬರೆದ ದೊಡ್ಡ ಗ್ರಂಥಕ್ಕೆ 'ಮೀಝಾನುಲ್ ಹಿಕ್ಮಃ', ಅಂದರೆ ಜ್ಞಾನದ ತಕ್ಕಡಿ ಎಂದೇ ಹೆಸರಿಟ್ಟರು. ಚಿನ್ನದಲ್ಲಿ ಬೆರಕೆಯಿದೆಯೇ ಎಂದು ಪತ್ತೆಹಚ್ಚುವ ತಕ್ಕಡಿಯ ವಿವರಣೆಯೂ ಅದರಲ್ಲಿದೆ.

ಒಂದು ಘಟನೆ ಹೇಳಬೇಕಾಗಿದೆ. ಹೇಳಲು ನಾಚಿಕೆಯಾಗುತ್ತದೆ. ಮದ್ರಸದ ರಜೆಯಲ್ಲಿ ನಾನು ಕೆ.ಆರ್. ಪೇಟೆಯ ಒಂದು ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದೆ. ಅಲ್ಲಿ ರೈತರಿಂದ ರಾಗಿ ಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಕಸ ಗುಡಿಸುವಾಗ, ಬಟ್ಟು ಇಡುವ ತಟ್ಟೆಯ ಅಡಿಯಲ್ಲಿ ಹುಣಸೆಹಣ್ಣಿನ ಉಂಡೆ ಅಂಟಿಸಿರುವುದು ಕಾಣಿಸಿತು. ಅಷ್ಟರಲ್ಲಿ ನಾಗಮಂಗಲದ ಕಡೆಯ ಒಬ್ಬ ಅಜ್ಜಿ ರಾಗಿಯ ಚೀಲ ಹೊತ್ತು ಬಂದರು. ಅವರ ಜೊತೆಯಲ್ಲಿದ್ದವರು ತೂಕ ಸರಿಯಾಗಿ ನೋಡಿಕೊಳ್ಳಿ ಎಂದಾಗ ಅಜ್ಜಿ ನನ್ನ ಕಡೆ ತಿರುಗಿ, "ಟೋಪಿ ಇಕ್ಕಂಡಿರೋ ಹುಡ್ಗ ಅವ್ನೆ, ತೂಕ ಸರ್ಯಾಗಿರ್ತದೆ ಬುಡಪ್ಪ" ಎಂದರು.

ನಾನು ತೂಗಿದೆ. ಬಾಯಿ ಬಿಡಲಿಲ್ಲ.

ಮುಂದಿನ ಸಂತೆಗೆ, ಅದರ ಮುಂದಿನ ಸಂತೆಗೆ ಅವರನ್ನು ಹುಡುಕಿದೆ, ಸಿಗಲಿಲ್ಲ. ಅಲ್ಲಾಹನಿಗೆ ಸಲ್ಲಬೇಕಾದ ಹಕ್ಕಿನಲ್ಲಿ ಕೊರತೆಯಾದರೆ ತೌಬಾದ ಬಾಗಿಲು ತೆರೆದಿದೆ. ಆದರೆ ದಾಸರ ಹಕ್ಕನ್ನು ದಾಸರಿಗೇ ಹಿಂದಿರುಗಿಸಬೇಕೆಂದು ನಮಗೆ ಕಲಿಸಲಾಗಿದೆ. ಹಕ್ಕುದಾರರು ಸಿಗದಾಗ ಅವರ ಪರವಾಗಿ ದಾನ ಮಾಡಬೇಕೆನ್ನುತ್ತಾರೆ. ಮಾಡಿದ್ದೇನೆ. ಅಷ್ಟರಿಂದ ಋಣ ತೀರಿತೆಂದು ಹೇಳುವ ಧೈರ್ಯ ನನಗಿಲ್ಲ.

ಆ ದಿನದಿಂದ ನನ್ನನ್ನು ಕಾಡಿದ ವಿಚಾರ ಇದು. ಭೂಮಿಯು ಆ ಹುಣಸೆಹಣ್ಣನ್ನು ಬಟ್ಟಿನಷ್ಟೇ ನಿಷ್ಠೆಯಿಂದ ಎಳೆಯಿತು. ಇದು ಮೋಸದ ಭಾರ, ಇದನ್ನು ಎಳೆಯಲಾರೆ ಎನ್ನಲಿಲ್ಲ. ತಕ್ಕಡಿಯ ಮುಳ್ಳು ನಾಚದೆ ನೇರವಾಗಿ ನಿಂತಿತು. ನಿಸರ್ಗ ತಾನಾಗಿ ಅನ್ಯಾಯವನ್ನು ತಡೆಯುತ್ತದೆಂದು ನಂಬುವವರು ಇದಕ್ಕೆ ಏನನ್ನುತ್ತಾರೆ?

ನನಗೆ ತೋಚುವ ಉತ್ತರ ಸೂರಃ ಅಲ್ ಅಹ್ಝಾಬ್‌ನ ಕೊನೆಯಲ್ಲಿದೆ. ಅಮಾನತನ್ನು ಆಕಾಶಗಳ, ಭೂಮಿಯ ಮತ್ತು ಪರ್ವತಗಳ ಮುಂದಿಟ್ಟಾಗ ಅವು ಹೆದರಿ ಹಿಂಜರಿದವು, ಮನುಷ್ಯ ಅದನ್ನು ಹೊತ್ತುಕೊಂಡ ಎಂದು ಅಲ್ಲಿ ತಿಳಿಸಲಾಗಿದೆ. ಚಂದ್ರನು ದಾರಿ ತಪ್ಪುವುದಿಲ್ಲ, ಏಕೆಂದರೆ ತಪ್ಪುವ ಆಯ್ಕೆಯೇ ಆತನಿಗಿಲ್ಲ. ಆತನ ವಿಧೇಯತೆ ಪೂರ್ಣವಾದುದು, ಆದರೆ ಅದಕ್ಕೆ ಪ್ರತಿಫಲವಿಲ್ಲ, ವಿಚಾರಣೆಯೂ ಇಲ್ಲ. ಹುಣಸೆಹಣ್ಣನ್ನು ಅಂಟಿಸುವ ಕೈಯೂ ಕಿತ್ತೆಸೆಯುವ ಕೈಯೂ ಇರುವುದು ನಮಗೆ ಮಾತ್ರ. ನಾವು ಮಾಡುವ ಪ್ರತಿ ಮೋಸಕ್ಕೂ ಭೂಮಿ ಸೆಳೆತ ನಿಲ್ಲಿಸುವಂತಿದ್ದರೆ ಹೆದರಿಕೆಯಿಂದ ಎಲ್ಲರೂ ಪ್ರಾಮಾಣಿಕರಾಗುತ್ತಿದ್ದರು. ಆಗ ಪ್ರಾಮಾಣಿಕತೆಗೆ ಬೆಲೆಯೇನು? ಆದ್ದರಿಂದಲೇ ಇಲ್ಲಿ ಸರಿಯಾಗಿ ತೂಗಲ್ಪಡದ ಸಾಸಿವೆ ಕಾಳಿನಷ್ಟು ಕರ್ಮವೂ ತೂಗಲ್ಪಡುವ ಇನ್ನೊಂದು ತಕ್ಕಡಿಯ ಬಗ್ಗೆ ಕುರ್‌ಆನ್ ಎಚ್ಚರಿಸುತ್ತದೆ. ಅದರ ಅಡಿಗೆ ಯಾರೂ ಏನನ್ನೂ ಅಂಟಿಸಲಾರರು.

ಸಹೋದರರೇ, ಸಹೋದರಿಯರೇ, ಇಂದು ಅಂಗಡಿಗಳಿಗೆ ವಿದ್ಯುನ್ಮಾನ ತಕ್ಕಡಿ ಬಂದಿದೆ, ಕಬ್ಬಿನ ಲಾರಿಗೆ ವೇಬ್ರಿಡ್ಜ್ ಬಂದಿದೆ. ಅವೂ ಅಳೆಯುವುದು ಅದೇ ಸೆಳೆತವನ್ನು, ಅವುಗಳ ಹಿಂದೆ ಇರುವುದೂ ಅದೇ ಮನುಷ್ಯನ ಕೈ. ತೂಕವೆಂದರೆ ವ್ಯಾಪಾರಿಯದು ಮಾತ್ರವಲ್ಲ. ತಡವಾಗಿ ತರಗತಿಗೆ ಹೋಗಿ ಪೂರ್ತಿ ಸಂಬಳ ಎಣಿಸುವ ನನ್ನಂಥ ಅಧ್ಯಾಪಕ, ಕೂಲಿಯಾಳಿನ ದಿನವನ್ನು ಉದ್ದ ಮಾಡಿ ಕೂಲಿಯನ್ನು ಗಿಡ್ಡ ಮಾಡುವ ಯಜಮಾನ, ಇವರೆಲ್ಲರ ಮುಂದೆಯೂ ಒಂದೊಂದು ತಕ್ಕಡಿಯಿದೆ. ಇಂದು ರಾತ್ರಿ ಇಶಾ ಮುಗಿಸಿ ಹೊರಬಂದಾಗ ಒಮ್ಮೆ ಚಂದ್ರನ ಕಡೆ ನೋಡಿ. ಬಳಿಕ ನಿಮ್ಮ ತಟ್ಟೆಯ ಅಡಿಗೆ ಕೈಯಾಡಿಸಿ ನೋಡಿ.

ಅಲ್ಲಾಹನು ನಮಗೆ ಸರಿಯಾಗಿ ತೂಗುವ ಕೈಯನ್ನೂ, ತಪ್ಪು ಕಂಡಾಗ ಬಿಚ್ಚುವ ಬಾಯನ್ನೂ ಕರುಣಿಸಲಿ. ಆಮೀನ್.